ತಡವಾಗಿ ಹಿಡಿದ ಲೇಖನಿ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಚಾಮರಾಜನಗರದಲ್ಲಿ ಜರುಗಿದ ಹಿರಿಯರ ಸಮಾವೇಶದಲ್ಲಿ ವಿಚಾರಣೆಯ ಗುರುಗಳು ಮಾಡಿದ ಉಪನ್ಯಾಸ)



ಈ ದಿನ ನಾನು ಪ್ರಸಂಗ ಮಾಡಲು ನಿಂತಿಲ್ಲ. ನಿಮ್ಮೊಡನೆ ಒಂದು ಬೇಡಿಕೆಯನ್ನು ಇಡಲು ನಿಂತಿದ್ದೇನೆ. ಬೇಡುವವನು ತನ್ನ ಬೇಡಿಕೆಗೆ ಕಾರಣವನ್ನೂ ಹೇಳಬೇಕಾದುದು ನ್ಯಾಯ. ಆ ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ಶತಮಾನೋತ್ಸವದ ಕಾರ್ಯಗಳು ಆರಂಭವಾದಾಗ ನಾನು ನಮ್ಮ ಹಳೆಯ ದಾಖಲೆ ಪುಸ್ತಕಗಳನ್ನು ಕಪಾಟಿನಿಂದ ಹೊರತೆಗೆದು ಧೂಳು ಕೊಡವಿ ಓದತೊಡಗಿದೆ. ಜ್ಞಾನಸ್ನಾನ, ವಿವಾಹ, ಮರಣ ಈ ಮೂರು ಬಗೆಯ ಪುಸ್ತಕಗಳಲ್ಲಿ ನಮ್ಮ ಪೂರ್ವಿಕರೆಲ್ಲರೂ ಇದ್ದಾರೆ. ಹೆಸರು, ತಂದೆತಾಯಿಯರ ಹೆಸರು, ಊರು, ದಿನಾಂಕ, ಗುರುಗಳ ಸಹಿ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಮರಣದ ಪುಸ್ತಕದ ಒಂದು ಪುಟದಲ್ಲಿ ಒಂದೇ ಮನೆಯ ಮೂವರು ಮಕ್ಕಳ ಹೆಸರು ಹತ್ತು ದಿನಗಳ ಅಂತರದಲ್ಲಿ ನಮೂದಾಗಿದೆ. ಕಾರಣದ ಅಂಕಣದಲ್ಲಿ ಮೂರು ಬಾರಿಯೂ ಒಂದೇ ಪದ: ಜ್ವರ. ಆ ತಾಯಿಯ ಹೆಸರು ಮತ್ತೆ ಕಾಣಿಸುವುದು ಮೂವತ್ತೊಂದು ವರ್ಷಗಳ ಬಳಿಕ, ಆಕೆಯದೇ ಮರಣದ ಸಾಲಿನಲ್ಲಿ. ನಡುವಿನ ಮೂವತ್ತೊಂದು ವರ್ಷ ಆಕೆ ಹೇಗೆ ಬಾಳಿದಳು? ಮರುದಿನ ಬೆಳಿಗ್ಗೆ ಒಲೆ ಹಚ್ಚಿದವರು ಯಾರು? ಅವಳಿಗೆ ನೆರೆಮನೆಯವರು ಏನು ಹೇಳಿದರು? ಪುಸ್ತಕ ಮಾತನಾಡುವುದಿಲ್ಲ. ದಾಖಲೆ ಬರೆದ ಗುರುಗಳ ತಪ್ಪೂ ಅದಲ್ಲ. ಅಂಕಣದಲ್ಲಿ ಇದ್ದ ಜಾಗವೇ ಅಷ್ಟು.

ಆದುದರಿಂದಲೇ ನಮ್ಮ ಸಂಪಾದಕ ಮಂಡಲಿಯು ಹಿರಿಯರೆಲ್ಲರಿಗೂ ಒಂದು ಮನವಿ ಮಾಡಿಕೊಂಡಿತು. ನಿಮ್ಮ ಬಾಳಿನಲ್ಲಿ ಕಂಡುಂಡದ್ದನ್ನು ನಾಲ್ಕು ಪುಟ ಬರೆದು ಕೊಡಿರಿ ಎಂದಿತು. ಬಂದ ಬರಹಗಳು ಬೆರಳೆಣಿಕೆಯಷ್ಟು. ಮನೆಮನೆಗೆ ಹೋಗಿ ವಿಚಾರಿಸಿದಾಗ ನನಗೆ ದೊರೆತ ಉತ್ತರಗಳು ಮೂರು ಬಗೆಯವು. 'ಈ ವಯಸ್ಸಿನಲ್ಲಿ ಬರೆಯುವುದೇನು ಸ್ವಾಮಿ' ಎಂಬುದು ಮೊದಲನೆಯದು. 'ನಾವು ಓದಿದವರಲ್ಲ' ಎಂಬುದು ಎರಡನೆಯದು. ಮೂರನೆಯ ಉತ್ತರವನ್ನು ಹೆಚ್ಚು ಮಂದಿ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ ಒಬ್ಬ ತಾಯಿ, 'ಆದದ್ದು ಆಯಿತು, ಅದನ್ನು ಕೆದಕಿ ಮತ್ತೆ ಏಕೆ ಅಳಬೇಕು' ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಈ ಮೂರಕ್ಕೂ ಉತ್ತರ ಹುಡುಕುವುದೇ ನನ್ನ ಇಂದಿನ ಮಾತಿನ ಉದ್ದೇಶ.

ಮೊದಲು ವಯಸ್ಸಿನ ಮಾತು.

ಕನ್ನಡದ ಓದುಗರಿಗೆಲ್ಲ ಪರಿಚಿತರಾದ ಶ್ರೀಮತಿ ಎಂ. ಕೆ. ಇಂದಿರಾ ಅವರ ಬಾಳನ್ನು ನೋಡೋಣ. ಮಲೆನಾಡಿನ ತೀರ್ಥಹಳ್ಳಿಯಲ್ಲಿ 1917ರಲ್ಲಿ ಜನನ. ಶಾಲೆಯ ಓದು ಏಳು ವರ್ಷ. ಹನ್ನೆರಡನೆಯ ವಯಸ್ಸಿಗೆ ಮದುವೆ. ಆ ಕಾಲದಲ್ಲಿ ಶಾಲೆಯ ಬಾಗಿಲು ಹೆಣ್ಣುಮಗಳಿಗೆ ಹಾಗೆಯೇ ಮುಚ್ಚಿಕೊಳ್ಳುತ್ತಿತ್ತು; ಆಮೇಲಿನದು ಸಂಸಾರ. ಆದರೆ ಓದು ನಿಲ್ಲಲಿಲ್ಲ. ಕನ್ನಡ ಕಾವ್ಯವನ್ನೂ ಹಿಂದಿ ಸಾಹಿತ್ಯವನ್ನೂ ಅವರು ಓದಿಕೊಂಡರು. ಕಾದಂಬರಿ ಬರೆಯಲು ತೊಡಗಿದಾಗ ಅವರ ವಯಸ್ಸು 45. ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಹೊರಬಂದಿತು. 'ಸದಾನಂದ' 1965ರಲ್ಲಿ, 'ನವರತ್ನ' 1967ರಲ್ಲಿ ಬಂದವು. 'ಗೆಜ್ಜೆಪೂಜೆ'ಯನ್ನು ಪುಟ್ಟಣ್ಣ ಕಣಗಾಲರು ಚಲನಚಿತ್ರವಾಗಿಸಿದಾಗ ನಾಡಿನ ಮನೆಮನೆಗೂ ಅವರ ಹೆಸರು ತಲುಪಿತು. 1994ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹತ್ತಾರು ಕಾದಂಬರಿಗಳ ಕರ್ತೃವಾಗಿದ್ದರು.

ಇವುಗಳಲ್ಲೆಲ್ಲ ಶ್ರೇಷ್ಠವೆಂದು ಹಲವರು ಎಣಿಸುವ 'ಫಣಿಯಮ್ಮ' ಬಂದುದು 1976ರಲ್ಲಿ. ಆಗ ಲೇಖಕಿಗೆ 59 ವರ್ಷ. ಇನ್ನೂ ಆಟದ ವಯಸ್ಸಿನಲ್ಲೇ ಮದುವೆಯಾಗಿ, ಆ ಮದುವೆಯ ಅರ್ಥವೂ ತಿಳಿಯುವ ಮೊದಲೇ ವಿಧವೆಯಾಗಿ, ನೂರಕ್ಕೂ ಮೀರಿದ ದೀರ್ಘಾಯುಷ್ಯವನ್ನು ಮನೆಮಂದಿಯ ಬಾಣಂತನ, ಶುಶ್ರೂಷೆ, ದುಡಿಮೆಗಳಲ್ಲಿ ಸವೆಸಿದ ಒಬ್ಬ ನಿಜವಾದ ಹೆಂಗಸಿನ ಕಥೆ ಅದು. ಆಕೆ ಲೇಖಕಿಯ ಬಂಧುವರ್ಗಕ್ಕೆ ಸೇರಿದವರು. ಕಥೆಯನ್ನು ಲೇಖಕಿ ಕೇಳಿದ್ದು ತಮ್ಮ ತಾಯಿಯ ಬಾಯಿಂದ. ಎಂದೋ ಕೇಳಿದ ಕಥೆ ಎಷ್ಟೋ ವರ್ಷ ಮನಸ್ಸಿನಲ್ಲಿ ಉಳಿದು, ಅರುವತ್ತರ ಹೊಸ್ತಿಲಿನಲ್ಲಿ ಕಾಗದಕ್ಕೆ ಇಳಿಯಿತು. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಲನಚಿತ್ರವಾಗಿಸಿದರು. ತೇಜಸ್ವಿನಿ ನಿರಂಜನರಿಂದ ಅದು ಇಂಗ್ಲಿಷಿಗೂ ಹೋಯಿತು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಇದೇ ಕಥೆಯನ್ನು ಅವರು ಇಪ್ಪತ್ತನೆಯ ವಯಸ್ಸಿನಲ್ಲಿ ಬರೆದಿದ್ದರೆ? ಬಹುಶಃ ಫಣಿಯಮ್ಮನ ಮೇಲೆ ಮರುಕ ಹುಟ್ಟಿಸುವ ಕಥೆಯೊಂದು ಆಗುತ್ತಿತ್ತು. ಅರುವತ್ತರ ಹೊತ್ತಿಗೆ ಲೇಖಕಿಗೆ ಬಾಣಂತಿಯ ಕೋಣೆ ಗೊತ್ತು, ಅಡುಗೆಮನೆಯ ಬೇಗೆ ಗೊತ್ತು, ಮಾತಾಡದೆ ದುಡಿಯುವ ಹೆಂಗಸಿನ ಗಟ್ಟಿತನ ಗೊತ್ತು. ಆದುದರಿಂದ ಅವರ ಫಣಿಯಮ್ಮ ಮರುಕವನ್ನು ಬೇಡುವುದಿಲ್ಲ, ಗೌರವವನ್ನು ಪಡೆಯುತ್ತಾಳೆ. ಬರೆಯದೆ ಕಳೆದ ವರ್ಷಗಳು ವ್ಯರ್ಥವಾದವು ಎಂದು ನಾವು ಭಾವಿಸುತ್ತೇವೆ. ಆದರೆ ಆ ವರ್ಷಗಳಲ್ಲೇ ಕಥೆ ಬಲಿತಿತ್ತು.

ಹೊರದೇಶದ ಉದಾಹರಣೆಗಳೂ ಉಂಟು. ಸ್ಪೇನ್ ದೇಶದ ಸರ್ವಾಂಟಿಸ್ 1571ರ ಲೆಪಾಂಟೋ ಯುದ್ಧದಲ್ಲಿ ಗಾಯಗೊಂಡು ಎಡಗೈಯ ಶಕ್ತಿಯನ್ನು ಕಳೆದುಕೊಂಡವನು. 1575ರಲ್ಲಿ ಕಡಲ್ಗಳ್ಳರ ಕೈಗೆ ಸಿಕ್ಕು ಐದು ವರ್ಷ ಆಲ್ಜಿಯರ್ಸಿನಲ್ಲಿ ಸೆರೆಯಾಳಾಗಿದ್ದನು. ಬಿಡುಗಡೆಯಾಗಿ ಬಂದ ಮೇಲೂ ಬಡತನ, ಲೆಕ್ಕಪತ್ರದ ತೊಡಕು, ಸೆರೆಮನೆ. 'ಡಾನ್ ಕ್ವಿಕ್ಸಾಟ್' ಕಾದಂಬರಿಯ ಮೊದಲ ಭಾಗ 1605ರಲ್ಲಿ ಪ್ರಕಟವಾದಾಗ ಅವನಿಗೆ 57 ತುಂಬಿತ್ತು. ಇಷ್ಟೆಲ್ಲ ಪಟ್ಟವನು ಬರೆದದ್ದು ಜಗತ್ತನ್ನು ನಗಿಸುವ ಪುಸ್ತಕ ಎಂಬುದನ್ನು ಗಮನಿಸಿರಿ. ಅದೇ ದೇಶದ ಆವಿಲಾದ ಸಂತ ತೆರೇಸಾ ತಮ್ಮ ಹಿರಿಯ ಕೃತಿಯಾದ 'ಅಂತರಂಗದ ಕೋಟೆ'ಯನ್ನು ಬರೆಯಲು ಕುಳಿತದ್ದು 1577ರಲ್ಲಿ, 62ನೆಯ ವಯಸ್ಸಿನಲ್ಲಿ. ಆಗ ಆಕೆಗೆ ತಲೆಯಲ್ಲಿ ಸದಾ ಮೊರೆತ, ದೇಹದಲ್ಲಿ ನಿಶ್ಶಕ್ತಿ. ಅದನ್ನು ಪುಸ್ತಕದ ಆರಂಭದಲ್ಲೇ ಹೇಳಿಕೊಂಡು, ಆಮೇಲೆ ಬರೆಯುತ್ತ ಹೋದರು. ಕಷ್ಟವೆಲ್ಲ ಮುಗಿದ ಮೇಲೆ ಬರೆಯೋಣವೆಂದು ಕಾದಿದ್ದರೆ ಆ ಪುಸ್ತಕವೇ ಇರುತ್ತಿರಲಿಲ್ಲ.

ಇನ್ನು ಓದಿನ ಮಾತು.

'ನಾವು ಓದಿದವರಲ್ಲ' ಎನ್ನುವವರು ದೂರ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಯಳಂದೂರಿಗೆ ಹೋದರೆ ಸಾಕು. ಇಂದು ನಮ್ಮ ಚಾಮರಾಜನಗರ ಜಿಲ್ಲೆಗೇ ಸೇರಿದ ಆ ಊರಿನ ಹೆಣ್ಣುಮಗಳು ಹೊನ್ನಮ್ಮ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ, ರಾಣಿ ದೇವಾಜಮ್ಮಣ್ಣಿಯವರ ಎಲೆಅಡಿಕೆಯ ಸಂಚಿಯನ್ನು ಹಿಡಿದು ನಿಲ್ಲುವುದು ಆಕೆಯ ಊಳಿಗ. ಹಾಗಾಗಿ ಸಂಚಿಯ ಹೊನ್ನಮ್ಮ ಎಂದೇ ಹೆಸರು. ಪಂಡಿತರು ತುಂಬಿದ ಆಸ್ಥಾನದಲ್ಲಿ ಆಕೆ ಸಿಂಗರಾರ್ಯರ ಮಾರ್ಗದರ್ಶನ ಪಡೆದು 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದಳು. ಹೆಣ್ಣೆಂದು ಹೀಗಳೆಯುವವರನ್ನು ಕುರಿತು, ನಿಮ್ಮನ್ನು ಹೆತ್ತವಳೂ ಸಾಕಿದವಳೂ ಹೆಣ್ಣಲ್ಲವೆ ಎಂಬ ಅರ್ಥದಲ್ಲಿ ಆಕೆ ಹಾಕಿದ ಪ್ರಶ್ನೆಯನ್ನು ಕನ್ನಡಿಗರು ಮುನ್ನೂರು ವರ್ಷಗಳಿಂದಲೂ ಮರೆತಿಲ್ಲ. ಆ ಪ್ರಶ್ನೆಯನ್ನು ಆಸ್ಥಾನದ ಪಂಡಿತರು ಕೇಳಲಿಲ್ಲ. ಕೇಳಿದವಳು ಸಂಚಿ ಹಿಡಿದು ನಿಂತಿದ್ದವಳು.

ಕೆಲವರು, 'ನಮ್ಮ ಮಾತು ಶುದ್ಧವಲ್ಲ, ಹಳ್ಳಿಯ ಮಾತು, ಪುಸ್ತಕಕ್ಕೆ ಸಲ್ಲದು' ಎಂದು ಹಿಂಜರಿದರು. ಗುಂಡ್ಲುಪೇಟೆಯ ನಂಟಿನ ಜಿ. ಪಿ. ರಾಜರತ್ನಂ ಅವರನ್ನು ಇಲ್ಲಿ ನೆನೆಯಬೇಕು. ಸಂಸ್ಕೃತ, ಪಾಳಿ ಭಾಷೆಗಳನ್ನು ಬಲ್ಲ ಪಂಡಿತರು ಅವರು. ಆದರೂ ನಾಡು ಅವರನ್ನು ಹೆಚ್ಚಾಗಿ ನೆನೆಯುವುದು 'ರತ್ನನ ಪದಗಳು' ಕೃತಿಯಿಂದ. ಅಲ್ಲಿ ಮಾತನಾಡುವವನು ಹೆಂಡದಂಗಡಿಯ ಕುಡುಕ, ಅವನ ಭಾಷೆ ಅವನದೇ ಭಾಷೆ. ಆ ಮಾತನ್ನು ವ್ಯಾಕರಣಕ್ಕೆ ಒಗ್ಗಿಸಿ ತಿದ್ದಿದ್ದರೆ ರತ್ನನೇ ಉಳಿಯುತ್ತಿರಲಿಲ್ಲ. ನಿಮ್ಮ ಮಾತೂ ಹಾಗೆಯೇ. ಅದನ್ನು ತಿದ್ದಲು ನಾವು ಹೋಗುವುದಿಲ್ಲ.

ಈಗ ಮೂರನೆಯ ಮಾತಿಗೆ ಬರೋಣ. ದುಃಖದ ಮಾತು.

ಇಲ್ಲಿಂದ ಮೈಸೂರಿಗೆ ಹೋಗುವಾಗ ದಾರಿಯಲ್ಲಿ ಸಿಗುವ ನಂಜನಗೂಡಿನಲ್ಲಿ 1887ರಲ್ಲಿ ತಿರುಮಲಾಂಬಾ ಎಂಬ ಹೆಣ್ಣುಮಗಳು ಹುಟ್ಟಿದರು. ತಂದೆ ವಕೀಲರು. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕು ವರ್ಷಕ್ಕೆ ವೈಧವ್ಯ. ಅಂದಿನ ಲೋಕರೂಢಿಯಲ್ಲಿ ಆಕೆಯ ಕಥೆ ಅಲ್ಲಿಗೆ ಮುಗಿದಂತೆಯೇ. ಆದರೆ ತಂದೆ ಮಗಳನ್ನು ಮನೆಯಲ್ಲೇ ಓದಿಗೆ ಹಚ್ಚಿದರು. 1913ರಲ್ಲಿ ಆಕೆ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿ, ತಮ್ಮ ಕಾದಂಬರಿ 'ಸುಶೀಲೆ'ಯನ್ನು ಪ್ರಕಟಿಸಿದರು. ಬಳಿಕ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ನಡೆಸಿ, ಇತರ ಹೆಂಗಸರ ಕೈಗೂ ಲೇಖನಿ ಕೊಟ್ಟರು. ಹೊಸಗನ್ನಡದಲ್ಲಿ ಹೆಣ್ಣುಮಗಳೊಬ್ಬಳು ಲೇಖಕಿಯೂ ಪ್ರಕಾಶಕಿಯೂ ಪತ್ರಿಕೆಯ ಸಂಪಾದಕಿಯೂ ಆದದ್ದು ಹೀಗೆ.

ಈ ಕಥೆಯನ್ನು ಹಬ್ಬದ ಕಥೆಯಂತೆ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಮುಂದೆ ಅವರು ಬರೆಯುವುದನ್ನು ನಿಲ್ಲಿಸಿದರು. ದೀರ್ಘಕಾಲ ಸಾಹಿತ್ಯಲೋಕದ ಕಣ್ಣಿಗೆ ಬೀಳದೆ ಬಾಳಿ 1982ರಲ್ಲಿ ತೀರಿಕೊಂಡರು. ಬರವಣಿಗೆ ಅವರ ದುಃಖವನ್ನು ಅಳಿಸಿತೆಂದು ನಾನು ಹೇಳಲಾರೆ. ಅದು ಮಾಡಿದ ಕೆಲಸ ಬೇರೆ. ಒಬ್ಬಳ ಎದೆಯಲ್ಲಿ ಹುದುಗಿ ಹೋಗಬಹುದಾಗಿದ್ದುದು ಅನೇಕರಿಗೆ ದಾರಿಯಾಯಿತು. ದುಃಖ ತಾನಾಗಿ ಯಾರನ್ನೂ ಲೇಖಕರನ್ನಾಗಿ ಮಾಡುವುದಿಲ್ಲ. ಹಾಗಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಮನೆಗೊಬ್ಬರು ಲೇಖಕರಿರುತ್ತಿದ್ದರು. ದುಃಖವನ್ನು ಎದುರಿಗಿಟ್ಟುಕೊಂಡು, ಅದನ್ನು ನೋಡುವ ತಾಳ್ಮೆ ಬೇಕು.

ಆ ತಾಳ್ಮೆ ಎಂಥದೆಂದು ತಿಳಿಸಲು ನಮ್ಮ ರೈತರ ಒಂದು ರೂಢಿಯನ್ನು ಹೇಳುತ್ತೇನೆ. ನಿಮ್ಮಲ್ಲಿ ಎಪ್ಪತ್ತು ದಾಟಿದವರೆಲ್ಲರೂ ಹಗೇವನ್ನು ಕಂಡವರೇ. ಸುಗ್ಗಿಯ ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲ ಬಂದಾಗ ಊರನ್ನು ಕಾಯುತ್ತಿದ್ದುದು ಆ ರಾಗಿಯೇ. ಆದರೆ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಹುಕಾಲ ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅವಸರಪಟ್ಟು ಇಳಿದವರು ಪ್ರಾಣ ಕಳೆದುಕೊಂಡದ್ದುಂಟು. ಬಾಯಿ ತೆರೆದು ಗಾಳಿಯಾಡಲು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಇನ್ನೂ ಸಮಯವಿದೆ ಎಂದರ್ಥ. ಉರಿಯುತ್ತಿದ್ದರೆ ಇಳಿಯುತ್ತಿದ್ದರು, ಅದೂ ಮೇಲೊಬ್ಬರನ್ನು ನಿಲ್ಲಿಸಿಕೊಂಡು.

ಕಣ್ಣೊರೆಸಿಕೊಂಡ ಆ ತಾಯಿಗೆ ನಾನು ಅಂದು ಕೊಡಲಾರದೆ ಹೋದ ಉತ್ತರ ಇದು. ಅಮ್ಮಾ, ಒಳಗಿರುವುದು ರಾಗಿಯೇ. ಕೆಟ್ಟದ್ದು ಅದರ ಮೇಲೆ ನಿಂತ ಗಾಳಿ ಮಾತ್ರ. ಅವಸರ ಬೇಡ. ಇಂದು ದೀಪ ನಂದಿದರೆ ನಾಳೆ ನೋಡೋಣ. ಒಬ್ಬರೇ ಇಳಿಯುವುದೂ ಬೇಡ.

ಇಷ್ಟು ಹೇಳಿದ ಮೇಲೆ ನನ್ನ ಸ್ವಂತ ಅನುಭವವನ್ನು ಮುಚ್ಚಿಡುವುದು ಸರಿಯಲ್ಲ. ಕಲಿತ ಗುರುಗಳು, ಇವರಿಗೆ ಬರೆಯುವುದು ಸುಲಭ ಎಂದು ನೀವು ಅಂದುಕೊಳ್ಳಬಹುದು. ಗುರುಮಠದಲ್ಲಿ ನನಗೆ ಲ್ಯಾಟಿನ್ ಕಲಿಸಿದರು, ತತ್ವಶಾಸ್ತ್ರ ಕಲಿಸಿದರು. ಮೂವತ್ತು ವರ್ಷ ವಾರವಾರವೂ ಮಾತನಾಡಿದೆ. ಆದರೆ ನನ್ನದೆಂದು ಒಂದು ಪುಟವನ್ನೂ ಬರೆದಿರಲಿಲ್ಲ. 58ನೆಯ ವಯಸ್ಸಿನಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳು ದನಿ ಹೊರಡಲಿಲ್ಲ. ಮಾತನ್ನೇ ನಂಬಿ ಬಾಳಿದವನಿಗೆ ಅದೆಂಥ ಶಿಕ್ಷೆಯೆಂದು ನಾನು ವರ್ಣಿಸಲಾರೆ. ಭೇಟಿಗೆ ಬಂದವರ ಮೇಲೆ ಸಿಡುಕಿದೆ. ಕೋಣೆಯ ಬಾಗಿಲು ಹಾಕಿಕೊಂಡು ದಿನಗಳನ್ನು ಕಳೆದೆ. ಇನ್ನು ಯಾರಿಗೂ ಬೇಡವಾದವನು ಎಂಬ ಭಾವನೆ ಬಲವಾಯಿತು. ಅಡುಗೆಯವರಿಗೆ ಬೇಕು ಬೇಡಗಳನ್ನು ತಿಳಿಸಲು ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದೆ. 'ಗಂಜಿ ಸಾಕು', 'ಕಿಟಕಿ ತೆರೆಯಿರಿ' ಎಂದು ಬರೆಯುತ್ತಿದ್ದ ಆ ಪುಸ್ತಕದಲ್ಲೇ ಒಂದು ರಾತ್ರಿ ನನ್ನ ತಾಯಿಯ ಬಗ್ಗೆ ಬರೆಯತೊಡಗಿದೆ.

ನನ್ನ ತಾಯಿ ತೀರಿಕೊಂಡಾಗ ನಾನು ಗುರುಮಠದಲ್ಲಿದ್ದೆ. ಸುದ್ದಿ ತಲುಪಿ, ನಾನು ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ನಲವತ್ತು ವರ್ಷ ಅದನ್ನು ಯಾರೊಡನೆಯೂ ಆಡಿರಲಿಲ್ಲ. ಈಗ ಬರೆದೆ, ಹತ್ತು ಪುಟ ಬರೆದೆ. 'ಮಾತೃವಾತ್ಸಲ್ಯದ ಮಹಿಮೆ' ಎಂದು ಶೀರ್ಷಿಕೆ ಕೊಟ್ಟು ಒಂದು ಪತ್ರಿಕೆಗೆ ಕಳುಹಿಸಿದೆ. ಅದು ವಿನಯಪೂರ್ವಕವಾಗಿ ಹಿಂದಿರುಗಿತು. ನನಗೆ ಬೇಸರವಾಯಿತು. ಆಗ ದೇವಾಲಯದ ಗಂಟೆ ಬಾರಿಸುತ್ತಿದ್ದ ಒಬ್ಬ ಹಿರಿಯರ ಮುಂದೆ ಆ ಹಾಳೆಗಳನ್ನಿಟ್ಟು, ಅವರ ಮೊಮ್ಮಗಳಿಂದ ಓದಿಸಿದೆ. ಅವರು ಕೊನೆಯವರೆಗೂ ಕೇಳಿ, 'ಚಂದಾಗದ ಸ್ವಾಮಿ. ಆದ್ರ ನಿಮ್ಮವ್ವ ಎಲ್ಲವ್ರ ಇದ್ರಲ್ಲಿ?' ಎಂದರು.

ನನ್ನ ಹತ್ತು ಪುಟಗಳಲ್ಲಿ ವಾತ್ಸಲ್ಯವಿತ್ತು, ತ್ಯಾಗವಿತ್ತು, ಮಹಿಮೆಯಿತ್ತು, ಅವ್ವ ಇರಲಿಲ್ಲ. ಅವಳ ಕೈ ಇರಲಿಲ್ಲ. ಕಳೆ ಕಿತ್ತು ಕಿತ್ತು ಹಸುರುಗಟ್ಟಿದ ಉಗುರು ಇರಲಿಲ್ಲ. ನಾನು ಮನೆ ಬಿಟ್ಟು ಹೊರಟ ದಿನ ಹುರಿಗಡಲೆ ಬೆಲ್ಲವನ್ನು ಬಟ್ಟೆಯಲ್ಲಿ ಗಂಟುಕಟ್ಟಿಕೊಟ್ಟು, ಬಸ್ಸು ಬರುವವರೆಗೂ ಒಂದು ಮಾತನ್ನೂ ಆಡದೆ ನಿಂತಿದ್ದಳು ಎಂಬುದು ಇರಲಿಲ್ಲ. ಹತ್ತು ಪುಟವನ್ನೂ ಬದಿಗಿಟ್ಟು ಮತ್ತೆ ಬರೆದೆ, ಮೂರೇ ಪುಟವಾಯಿತು. ಅದು ಅಚ್ಚಾಯಿತು. ಆಮೇಲೆ ಎರಡು ಸಣ್ಣ ಪುಸ್ತಕಗಳೂ ಬಂದವು. ನನಗೆ ಬರವಣಿಗೆ ಕಲಿಸಿದ ಗುರು ಯಾರೆಂದು ಕೇಳಿದರೆ ನಾನು ಆ ಹಿರಿಯರನ್ನೇ ತೋರಿಸುತ್ತೇನೆ.

ಅವರದೂ ಒಂದು ಬಾಳು. ಕರಿಕಲ್ಲಿನ ಕ್ವಾರಿಯಲ್ಲಿ ದುಡಿದು ಎರಡು ಬೆರಳು ಕಳೆದುಕೊಂಡವರು. ಹೆಂಡತಿ ತೀರಿದ ಮೇಲೆ ಕುಡಿತಕ್ಕೆ ಬಿದ್ದು, ಇದ್ದ ತುಂಡು ಹೊಲವನ್ನೂ ಮಾರಿಕೊಂಡವರು. ಒಂದು ದಿನ ಬಿಟ್ಟರು. ಹೇಗೆ ಬಿಟ್ಟಿರಿ ಎಂದು ಕೇಳಿದರೆ ನಗುತ್ತಿದ್ದರು. ಅದನ್ನೇ ಬರೆಯಿರಿ ಎಂದೆ. 'ಕೈ ನಡುಗ್ತದ ಸ್ವಾಮಿ' ಎಂದರು. ಮೊಮ್ಮಗಳು ಎಸ್‌.ಎಸ್‌.ಎಲ್‌.ಸಿ. ಓದುತ್ತಿದ್ದಳು. ತಾತ ಹೇಳುವುದು, ಅವಳು ಬರೆಯುವುದು ಎಂದು ಗೊತ್ತು ಮಾಡಿದೆವು. ಸಂಜೆ ಗಂಟೆ ಬಾರಿಸಿದ ಮೇಲೆ ದಿನಕ್ಕೆ ಅರ್ಧ ಪುಟ. ಬಾಲ್ಯ ಬಂತು, ಕ್ವಾರಿ ಬಂತು, ಮದುವೆ ಬಂತು, ಹೆಂಡತಿಯ ಕಾಯಿಲೆ ಬಂತು. ಒಂಬತ್ತು ಪುಟವಾಗಿತ್ತು. ಕಳೆದ ತಪಸ್ಸುಕಾಲದಲ್ಲಿ ಅವರು ತೀರಿಕೊಂಡರು. ಕುಡಿತವನ್ನು ಹೇಗೆ ಬಿಟ್ಟರೆಂಬುದು ಹತ್ತನೆಯ ಪುಟದಲ್ಲಿ ಬರಬೇಕಾಗಿತ್ತು. ಇಂದು ನಮ್ಮ ಊರುಗಳಲ್ಲಿ ಆ ಪುಟವನ್ನು ಓದಬೇಕಾದ ಎಷ್ಟು ಗಂಡಸರಿದ್ದಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ಬರೆದಷ್ಟನ್ನು ಮನೆಯವರ ಇಚ್ಛೆಯಂತೆ ಹೆಸರಿಲ್ಲದೆ, ಒಂದು ಅಕ್ಷರವನ್ನೂ ತಿದ್ದದೆ ಈ ಸಂಚಿಕೆಯಲ್ಲಿ ಅಚ್ಚು ಮಾಡುತ್ತಿದ್ದೇವೆ.

ನನ್ನ ಬೇಡಿಕೆಯ ಅವಸರಕ್ಕೆ ಕಾರಣವೂ ಇದೇ. ಆದುದರಿಂದ ಕೆಲವು ಸಲಹೆಗಳನ್ನು ಹೇಳಿ ಮುಗಿಸುತ್ತೇನೆ.

ಇಡೀ ಬಾಳನ್ನು ಬರೆಯಲು ಹೊರಡಬೇಡಿರಿ. ಒಂದು ದಿನ, ಒಂದು ಮನೆ, ಒಬ್ಬ ಮನುಷ್ಯ ಸಾಕು. ದೊಡ್ಡ ಮಾತುಗಳನ್ನು ಹುಡುಕಬೇಡಿರಿ. ನಿಮ್ಮ ಮನೆಯಲ್ಲಿ ಯಾವುದಕ್ಕೆ ಏನೆನ್ನುತ್ತಿದ್ದರೋ ಅದನ್ನೇ ಬರೆಯಿರಿ. ಕೂಲಿ ಎಷ್ಟು ಸಿಗುತ್ತಿತ್ತು, ಅರಿಸಿನವನ್ನು ಹೇಗೆ ಬೇಯಿಸುತ್ತಿದ್ದಿರಿ, ಗುಂಡ್ಲುಪೇಟೆಯ ಸಂತೆಗೆ ಎಷ್ಟು ಹೊತ್ತಿಗೆ ಹೊರಡುತ್ತಿದ್ದಿರಿ, ಇವೆಲ್ಲ ನಿಮಗೆ ಸಣ್ಣ ವಿಷಯ. ನಿಮ್ಮ ಮೊಮ್ಮಕ್ಕಳಿಗೆ ಇವು ಬೇರೆಲ್ಲಿಯೂ ಸಿಗುವುದಿಲ್ಲ. ಕೈ ನಡುಗಿದರೆ ಹೇಳಿ ಬರೆಯಿಸಿರಿ. ಬರೆದದ್ದನ್ನು ಮನೆಯವರಿಗೆ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿರಿ. ಎಲ್ಲಿ ಅವ್ವ ಕಾಣುವುದಿಲ್ಲವೋ ಅಲ್ಲಿ ಮತ್ತೆ ಬರೆಯಿರಿ. ನಿಮ್ಮ ತಪ್ಪನ್ನು ಬರೆಯಲು ನಿಮಗೆ ಹಕ್ಕುಂಟು. ನೆರೆಯವರ ತಪ್ಪನ್ನು ಬರೆಯುವಾಗ ಮಾತ್ರ ಎರಡು ಬಾರಿ ಯೋಚಿಸಿರಿ. ನೋವಿನ ಭಾಗ ಬಂದಾಗ ಹಗೇವಿನ ದೀಪವನ್ನು ನೆನೆಯಿರಿ.

ಕಿರಿಯರಿಗೂ ಒಂದು ಮಾತು. ಹೊನ್ನಮ್ಮನಿಗೆ ಸಿಂಗರಾರ್ಯರಿದ್ದರು, ತಿರುಮಲಾಂಬಾ ಅವರಿಗೆ ತಂದೆಯಿದ್ದರು, ನಮ್ಮ ಗಂಟೆಯ ತಾತನಿಗೆ ಮೊಮ್ಮಗಳಿದ್ದಳು. ಹಗೇವಿಗೆ ಇಳಿಯುವವರಿಗೆ ಮೇಲೆ ನಿಂತು ಹಗ್ಗ ಹಿಡಿಯುವವರು ಬೇಕು. ಆ ಕೆಲಸ ನಿಮ್ಮದು. ದಿನಕ್ಕೆ ಅರ್ಧ ಗಂಟೆ ತಾತನ ಬಳಿಯೋ ಅಜ್ಜಿಯ ಬಳಿಯೋ ಕುಳಿತುಕೊಳ್ಳಿರಿ.

ಸಂಪಾದಕ ಮಂಡಲಿಯವರು ಇಂದು ನಿಮಗೆಲ್ಲರಿಗೂ ಒಂದೊಂದು ನೋಟುಪುಸ್ತಕವನ್ನು ತಂದಿದ್ದಾರೆ. ನೂರು ಪುಟದ್ದು. ತುಂಬಿಸಲೇಬೇಕೆಂಬ ಒತ್ತಾಯವಿಲ್ಲ. ಹೋಗುವಾಗ ಬಾಗಿಲಿನ ಬಳಿ ತೆಗೆದುಕೊಂಡು ಹೋಗಿರಿ. ಮುಂದಿನ ತಿಂಗಳು ನಾನೇ ಮನೆಮನೆಗೆ ಬರುತ್ತೇನೆ. ಬರೆದಿದ್ದರೆ ಕೇಳುತ್ತೇನೆ, ಬರೆಯದಿದ್ದರೆ ನೀವು ಹೇಳುವುದನ್ನು ನಾನೇ ಕುಳಿತು ಬರೆದುಕೊಳ್ಳುತ್ತೇನೆ.